ಕೋಡಿನಲ್ಲಿ ಬರೆಯದ ಮಾತು

2009ರ ಡಿಸೆಂಬರ್ 10ರಂದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಅಂಗಳದಿಂದ ಮೂರು ವಸ್ತುಗಳು ಒಟ್ಟಿಗೆ ಹೊರಬಂದವು. ಜಾವಾ ಇಇ 6 ಎಂಬ ನಿಯಮಾವಳಿ, ಆ ನಿಯಮಗಳಂತೆ ನಡೆಯುವ ಗ್ಲಾಸ್‌ಫಿಶ್ 3 ಎಂಬ ಸರ್ವರ್, ಮತ್ತು ಆ ನಿಯಮಗಳನ್ನು ಬಲ್ಲ ನೆಟ್‌ಬೀನ್ಸ್ 6.8 ಎಂಬ ಕೋಡ್ ಎಡಿಟರ್. ನಿಯಮ ಬರೆದ ದಿನವೇ ಅದನ್ನು ಓದಿ ಅರ್ಥಮಾಡಿಕೊಳ್ಳುವ ಉಪಕರಣವೂ ಕೈಗೆ ಸಿಗುವುದು ತಂತ್ರಾಂಶ ಲೋಕದಲ್ಲಿ ಅಪರೂಪ. ಇದರ ಹಿಂದಿನ ಆವೃತ್ತಿಯಾದ ಜಾವಾ ಇಇ 5 ಬಂದದ್ದು 2006ರ ಮೇ ತಿಂಗಳಲ್ಲಿ. ಅದನ್ನು ಬಲ್ಲ ನೆಟ್‌ಬೀನ್ಸ್ 5.5 ಬಂದದ್ದು ಅಕ್ಟೋಬರ್ ಕೊನೆಗೆ. ಮುಂದೆ ಜಾವಾ ಇಇ 8 ಹೊರಬಿದ್ದಾಗಲಂತೂ ನೆಟ್‌ಬೀನ್ಸ್ ಬಳಸುವವರು ಎರಡು ವರ್ಷದ ಹತ್ತಿರ ಕಾಯಬೇಕಾಯಿತು. ಒಮ್ಮೆ ಐದು ತಿಂಗಳು ತಡ, ಒಮ್ಮೆ ಒಂದು ದಿನವೂ ತಡವಿಲ್ಲ, ಇನ್ನೊಮ್ಮೆ ಎರಡು ವರ್ಷ. ಈ ಏರಿಳಿತಕ್ಕೆ ಎಂಜಿನಿಯರುಗಳ ಚುರುಕುತನವೋ ಆಲಸ್ಯವೋ ಕಾರಣವಲ್ಲ. ಎಡಿಟರೊಂದು ಫ್ರೇಮ್‌ವರ್ಕನ್ನು ‘ಬಲ್ಲದು’ ಎಂದರೆ ಏನು ಎಂಬುದನ್ನು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ.

ನೆಟ್‌ಬೀನ್ಸ್ ಹುಟ್ಟಿದ್ದು ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ. 1996ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಝೆಲ್ಫಿ ಎಂಬ ಹೆಸರಿನಲ್ಲಿ ಶುರುಮಾಡಿದ ಪ್ರಾಜೆಕ್ಟ್ ಅದು. ಮುಂದೆ ಅದು ಕಂಪನಿಯಾಯಿತು, 1999ರಲ್ಲಿ ಸನ್ ಅದನ್ನು ಕೊಂಡಿತು, 2000ದ ಜೂನ್‌ನಲ್ಲಿ ಅದರ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಜಾವಾ ಭಾಷೆಯ ಒಡೆಯರೇ ಪೋಷಿಸಿದ ಎಡಿಟರ್ ಆದ್ದರಿಂದ, ಜಾವಾದ ಎಂಟರ್‌ಪ್ರೈಸ್ ಆವೃತ್ತಿಯನ್ನು ಮೊದಲು ಬಲ್ಲದ್ದು ತಾನೇ ಆಗಬೇಕೆಂಬ ಹಂಬಲ ಅದಕ್ಕೆ ಸಹಜವಾಗಿಯೇ ಇತ್ತು.

ಮಾಮೂಲಿ ಕೋಡನ್ನು ಎಡಿಟರ್ ಅರ್ಥಮಾಡಿಕೊಳ್ಳುವ ಬಗೆ ಈಗ ಹಳೆಯ ವಿದ್ಯೆ. ನೀವು ಒಂದು ಹೆಸರು ಬರೆದು ಚುಕ್ಕೆ ಇಟ್ಟ ಕೂಡಲೇ ಮುಂದೆ ಬರಬಹುದಾದ ಪದಗಳ ಪಟ್ಟಿ ಕೆಳಗೆ ಇಳಿಯುತ್ತದಲ್ಲ, ಅದಕ್ಕಾಗಿ ಎಡಿಟರ್ ನಿಮ್ಮ ಪಠ್ಯವನ್ನು ಬಿಡಿ ಪದಗಳಾಗಿ ಒಡೆದು, ವಾಕ್ಯರಚನೆಯ ಮರವೊಂದನ್ನು ಕಟ್ಟಿ, ಪ್ರತಿ ಹೆಸರಿಗೂ ಅದರ ಜಾತಿ ಯಾವುದೆಂದು ಹುಡುಕಿಟ್ಟಿರುತ್ತದೆ. 2007ರ ಡಿಸೆಂಬರ್‌ನಲ್ಲಿ ಬಂದ ನೆಟ್‌ಬೀನ್ಸ್ 6.0 ಈ ಕೆಲಸಕ್ಕೆ ಜಾವಾದ ಅಸಲಿ ಕಂಪೈಲರನ್ನೇ ಎಡಿಟರಿನೊಳಗೆ ಕೂರಿಸಿಕೊಂಡಿತು. ಕಂಪೈಲರ್ ಇರುವುದು ಪೂರ್ತಿ ಬರೆದ ಪ್ರೋಗ್ರಾಮನ್ನು ಓದಲು. ಬೆರಳು ಕೀಲಿಮಣೆಯ ಮೇಲಿರುವಾಗ ಪ್ರೋಗ್ರಾಮ್ ಯಾವಾಗಲೂ ಅರೆಬರೆ. ಆ ಅರೆಬರೆ ಪಠ್ಯದಲ್ಲೂ ದಾರಿತಪ್ಪದಂತೆ ಅದನ್ನು ಪಳಗಿಸುವುದು ಸಣ್ಣ ಸಾಹಸವಾಗಿರಲಿಲ್ಲ. ಆದರೂ ಅಲ್ಲಿ ಒಂದು ಅನುಕೂಲವಿತ್ತು: ತಿಳಿಯಬೇಕಾದದ್ದೆಲ್ಲ ಕೋಡಿನಲ್ಲೇ ಇತ್ತು. ಒಂದು ಫಂಕ್ಷನ್ ಇನ್ನೊಂದನ್ನು ಕರೆದರೆ ಆ ಕರೆ ಕಣ್ಣಿಗೆ ಕಾಣುತ್ತದೆ, ಅದರ ಜಾಡು ಹಿಡಿದು ಹೋಗಬಹುದು.

ಎಂಟರ್‌ಪ್ರೈಸ್ ಫ್ರೇಮ್‌ವರ್ಕಿನಲ್ಲಿ ಈ ಜಾಡು ಕಡಿದುಹೋಗುತ್ತದೆ. ಬ್ಯಾಂಕಿನ ಖಾತೆ, ವಿಮೆಯ ಕಂತು, ಟಿಕೆಟ್ ಬುಕಿಂಗ್ ಇಂಥ ಕೆಲಸಗಳಲ್ಲಿ ಸಾವಿರಾರು ಜನ ಏಕಕಾಲಕ್ಕೆ ಬರುತ್ತಾರೆ. ಹಣ ಒಂದು ಖಾತೆಯಿಂದ ಹೊರಟು ಇನ್ನೊಂದನ್ನು ತಲುಪದೆ ನಡುವೆ ಉಳಿಯಬಾರದು. ಯಾರಿಗೆ ಏನು ನೋಡುವ ಅಧಿಕಾರವಿದೆ ಎಂಬುದು ಪ್ರತಿ ಹೆಜ್ಜೆಯಲ್ಲೂ ಪರೀಕ್ಷೆಯಾಗಬೇಕು. ಪ್ರತಿ ಪ್ರೋಗ್ರಾಮರೂ ಇದನ್ನೆಲ್ಲ ಹೊಸದಾಗಿ ಬರೆಯಬಾರದೆಂದು ಈ ಹೊರೆಯನ್ನು ಸರ್ವರಿಗೆ ಹೊರಿಸಿದರು. ಮದುವೆಗೆ ಛತ್ರ ಗೊತ್ತುಮಾಡಿದ ಹಾಗೆ: ನೀರು, ದೀಪ, ಅಡುಗೆ, ಎಲೆ ಎಲ್ಲ ಛತ್ರದವರದು, ನೀವು ಬೇಕಾದದ್ದನ್ನು ಪಟ್ಟಿ ಬರೆದುಕೊಟ್ಟರೆ ಸಾಕು. ಜಾವಾ ಎಂಟರ್‌ಪ್ರೈಸ್ ಜಗತ್ತಿನಲ್ಲಿ ಆ ಪಟ್ಟಿಯೇ ಡಿಪ್ಲಾಯ್‌ಮೆಂಟ್ ಡಿಸ್ಕ್ರಿಪ್ಟರ್ ಎಂಬ ಎಕ್ಸ್‌ಎಮ್‌ಎಲ್ ಕಡತ. ನಿಮ್ಮ ಕೋಡನ್ನು ಕರೆಯುವುದು ನೀವಲ್ಲ, ಸರ್ವರ್. ಯಾವಾಗ, ಯಾರಿಗಾಗಿ, ಯಾವ ಅಧಿಕಾರದಲ್ಲಿ ಕರೆಯುತ್ತದೆ ಎಂಬುದು ಕೋಡನ್ನು ಎಷ್ಟು ಓದಿದರೂ ಗೊತ್ತಾಗುವುದಿಲ್ಲ. ಅದು ಪಟ್ಟಿಯಲ್ಲಿದೆ, ಅಥವಾ ನಿಯಮಾವಳಿಯ ಪುಟಗಳಲ್ಲಿದೆ.

ಇಪ್ಪತ್ತು ವರ್ಷದ ಹಿಂದೆ ಇಜೆಬಿ ಎಂಬ ಸರ್ವರ್ ಘಟಕಗಳನ್ನು ಬರೆದವರಿಗೆ ಈ ಪಟ್ಟಿಯ ಕಾಟ ಇವತ್ತಿಗೂ ನೆನಪಿರುತ್ತದೆ. ಹಣ ವರ್ಗಾವಣೆ ಮಾಡುವ ಒಂದು ಸಣ್ಣ ಘಟಕಕ್ಕೆ, ನಿಜವಾದ ಕೆಲಸ ಮಾಡುವ ಒಂದು ಕ್ಲಾಸ್, ಹೊರಗಿನವರಿಗೆ ಕಾಣುವ ಒಂದು ಇಂಟರ್‌ಫೇಸ್, ಘಟಕವನ್ನು ಹುಟ್ಟಿಸಿಕೊಡಲು ಹೋಮ್ ಎಂಬ ಮತ್ತೊಂದು ಇಂಟರ್‌ಫೇಸ್, ಜೊತೆಗೆ ಎಕ್ಸ್‌ಎಮ್‌ಎಲ್‌ನಲ್ಲಿ ಇವೆಲ್ಲದರ ಹೆಸರು. ಒಂದೇ ಹೆಸರನ್ನು ಇಷ್ಟು ಕಡೆ ಒಂದೇ ಕಾಗುಣಿತದಲ್ಲಿ ಬರೆಯಬೇಕು. ಎಕ್ಸ್‌ಎಮ್‌ಎಲ್‌ನಲ್ಲಿ ಒಂದಕ್ಷರ ತಪ್ಪಿದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಸರ್ವರಿಗೆ ಏರಿಸಿದ ಮೇಲೆ ಉದ್ದನೆಯ ದೋಷವರದಿಯೊಂದು ಬಂದು ಬೀಳುತ್ತದೆ. 2005ರ ಮೇ ತಿಂಗಳಲ್ಲಿ ಬಂದ ನೆಟ್‌ಬೀನ್ಸ್ 4.1 ಇಜೆಬಿಗೆ ನೆರವು ತಂದಾಗ ಜನ ಖುಷಿಪಟ್ಟದ್ದು ಅದಕ್ಕೇ. ಹೆಸರೊಂದನ್ನು ಕೊಟ್ಟರೆ ಸಾಕು, ಉಳಿದ ಕಡತಗಳನ್ನು ಅದೇ ಬರೆದು ಜೋಡಿಸುತ್ತಿತ್ತು.

2006ರ ಜಾವಾ ಇಇ 5 ಈ ಕಷ್ಟವನ್ನು ಬೇರುಸಮೇತ ಕಿತ್ತಿತು. ಪಟ್ಟಿಯನ್ನು ಬೇರೆ ಕಡತದಲ್ಲಿ ಬರೆಯುವ ಬದಲು, ಕ್ಲಾಸಿನ ತಲೆಯ ಮೇಲೆಯೇ ಸ್ಟೇಟ್‌ಲೆಸ್ ಎಂಬ ಒಂದು ಗುರುತುಚೀಟಿ, ಅಂದರೆ ಅನೊಟೇಶನ್, ಅಂಟಿಸಿದರೆ ಅದು ಇಜೆಬಿ ಆಯಿತು. ಬರೆಯುವವರ ಹೊರೆ ಇಳಿಯಿತು. ಉಪಕರಣದ ಹೊರೆಯೂ ಇಳಿಯಿತೆಂದು ಹಲವರು ಭಾವಿಸಿದರು, ಇಷ್ಟು ಸರಳವಾದ ಮೇಲೆ ವಿಶೇಷ ಎಡಿಟರ್ ಯಾಕೆ ಎಂದೂ ಕೇಳಿದರು. ಆದದ್ದು ಇದರ ವಿರುದ್ಧ. ಮೊದಲು ಒಂದು ಕಡತದಲ್ಲಿ ಒಟ್ಟಾಗಿದ್ದ ಮಾಹಿತಿ ಈಗ ನೂರಾರು ಕ್ಲಾಸುಗಳಲ್ಲಿ ಚದುರಿಹೋಯಿತು. ಈ ಪ್ರಾಜೆಕ್ಟಿನಲ್ಲಿ ಎಷ್ಟು ಇಜೆಬಿಗಳಿವೆ ಎಂಬ ಸರಳ ಪ್ರಶ್ನೆಗೆ ಉತ್ತರಿಸಲು ಎಡಿಟರ್ ಇಡೀ ಪ್ರಾಜೆಕ್ಟನ್ನೂ ಅದರ ಲೈಬ್ರರಿಗಳನ್ನೂ ಓದಿ ಸೂಚಿಯೊಂದನ್ನು ಕಟ್ಟಿಕೊಂಡಿರಬೇಕು. ನೆಟ್‌ಬೀನ್ಸ್ ತೆರೆದಾಗ ಕೆಳಗಡೆ ‘ಸ್ಕ್ಯಾನಿಂಗ್ ಪ್ರಾಜೆಕ್ಟ್ಸ್’ ಎಂದು ಬಹಳ ಹೊತ್ತು ಓಡುತ್ತಿದ್ದುದನ್ನು ನೋಡಿ ಬೇಸತ್ತವರು ಕಡಿಮೆಯಲ್ಲ. ಅಲ್ಲಿ ನಡೆಯುತ್ತಿದ್ದ ಕೆಲಸದಲ್ಲಿ ಇದೂ ಒಂದು. ಇದರ ಮೇಲೆ ಹಳೆಯ ಎಕ್ಸ್‌ಎಮ್‌ಎಲ್ ಪಟ್ಟಿಯೂ ಉಳಿದುಕೊಂಡಿತ್ತು. ಅನೊಟೇಶನ್ ಒಂದು ಹೇಳಿ ಪಟ್ಟಿ ಇನ್ನೊಂದು ಹೇಳಿದರೆ ಪಟ್ಟಿಯ ಮಾತೇ ನಡೆಯಬೇಕೆಂಬುದು ನಿಯಮ. ಹಾಗಾಗಿ ನೆಟ್‌ಬೀನ್ಸ್ ಎಂಜಿನಿಯರುಗಳು ಎರಡನ್ನೂ ಬೆಸೆದು ಒಂದೇ ಚಿತ್ರವಾಗಿ ತೋರಿಸುವ ಮೆಟಾಡೇಟಾ ಮಾದರಿಯೊಂದನ್ನು ಕಟ್ಟಿದರು. ಉಳಿದ ಎಲ್ಲ ಸೌಲಭ್ಯಗಳೂ ಪ್ರಶ್ನೆ ಕೇಳುವುದು ಆ ಮಾದರಿಯನ್ನು. ನನ್ನ ಮಟ್ಟಿಗೆ ನೆಟ್‌ಬೀನ್ಸ್‌ನ ಎಂಟರ್‌ಪ್ರೈಸ್ ಭಾಗದಲ್ಲಿ ಅತ್ಯಂತ ಜಾಣ ನಿರ್ಧಾರ ಇದೇ. ಹೊರಗಿನಿಂದ ಯಾರ ಕಣ್ಣಿಗೂ ಬೀಳದ್ದೂ ಇದೇ.

ಇನ್ನೂ ಸೂಕ್ಷ್ಮವಾದ ಒಂದು ಉದಾಹರಣೆ ಕೊಡುತ್ತೇನೆ. ಕಾರ್ಟ್ ಎಂಬ ಕ್ಲಾಸ್ ಬರೆದು ಅದಕ್ಕೆ ನೇಮ್ಡ್ ಎಂಬ ಅನೊಟೇಶನ್ ಹಾಕಿದಿರಿ ಎನ್ನಿ. ಹೆಸರು ಏನೆಂದು ಹೇಳಲಿಲ್ಲ. ಆಗ ಕ್ಲಾಸಿನ ಹೆಸರಿನ ಮೊದಲ ದೊಡ್ಡಕ್ಷರವನ್ನು ಸಣ್ಣಕ್ಷರ ಮಾಡಿದರೆ ಬರುವುದೇ ಅದರ ಹೆಸರು ಎಂದು ನಿಯಮಾವಳಿ ಹೇಳುತ್ತದೆ. ವೆಬ್ ಪುಟದಲ್ಲಿ ಆ ಸಣ್ಣಕ್ಷರದ ಹೆಸರನ್ನು ಬರೆದು ಚುಕ್ಕೆ ಇಟ್ಟಾಗ ಎಡಿಟರ್ ಸರಿಯಾದ ಪಟ್ಟಿ ತೋರಿಸಬೇಕು. ಆ ಹೆಸರು ಜಾವಾ ಕೋಡಿನಲ್ಲಿ ಎಲ್ಲೂ ಇಲ್ಲ. ವೆಬ್ ಪುಟದ ಕಂಪೈಲರಿಗೆ ಅದು ಬರೀ ಅಕ್ಷರಮಾಲೆ. ನಾಳೆ ನೀವು ಕ್ಲಾಸಿನ ಹೆಸರು ಬದಲಿಸಿದರೆ ಪುಟದಲ್ಲೂ ಅದು ಬದಲಾಗಬೇಕು, ಆದರೆ ಅದೇ ಪುಟದಲ್ಲಿ ಬೇರೆ ಅರ್ಥದಲ್ಲಿ ಬಂದ ಅದೇ ಪದವನ್ನು ಮುಟ್ಟಬಾರದು. ಇಂಥ ನೆರವು ಅರ್ಧ ಸರಿಯಿದ್ದರೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಲ್ಲದಿದ್ದರೆ ಪ್ರೋಗ್ರಾಮರ್ ತಾನೇ ಹುಷಾರಾಗಿ ಹುಡುಕುತ್ತಾನೆ. ಇದೆ ಎಂದು ನಂಬಿದವನು ಹುಡುಕುವುದನ್ನೇ ಬಿಡುತ್ತಾನೆ.

ಈಗ 2009ಕ್ಕೆ ಬರೋಣ. ನೆಟ್‌ಬೀನ್ಸ್ 6.7 ಜೂನ್ ಕೊನೆಗೆ ಹೊರಬಿದ್ದಿತ್ತು, 6.8ಕ್ಕೆ ಉಳಿದದ್ದು ಐದು ತಿಂಗಳ ಮೇಲೆ ಕೆಲವು ದಿನ. ಅಷ್ಟರಲ್ಲೂ ಪೂರ್ತಿ ಅವಧಿ ಹೊಸ ಕೆಲಸಕ್ಕೆ ಸಿಗುವುದಿಲ್ಲ. ಇಂತಿಷ್ಟು ದಿನವಾದ ಮೇಲೆ ಹೊಸ ಸೌಲಭ್ಯ ಸೇರಿಸುವಂತಿಲ್ಲ, ಆಮೇಲೆ ಪರದೆಯ ರೂಪ ಬದಲಿಸುವಂತಿಲ್ಲ, ಕೊನೆಯ ವಾರಗಳಲ್ಲಿ ಬೇರೊಬ್ಬರು ಪರಿಶೀಲಿಸದೆ ಒಂದು ಸಾಲನ್ನೂ ಮುಟ್ಟುವಂತಿಲ್ಲ. ಜೊತೆಗೆ ನೆಟ್‌ಕ್ಯಾಟ್ ಎಂಬ ಹೆಸರಿನಲ್ಲಿ ಹೊರಗಿನ ಬಳಕೆದಾರರು ಸ್ವಯಂಸೇವಕರಾಗಿ ಪ್ರತಿ ಮುಖ್ಯ ಆವೃತ್ತಿಯನ್ನು ಪರೀಕ್ಷಿಸುತ್ತಿದ್ದರು. ಅವರು ತಂದ ದೋಷಗಳನ್ನು ತಿದ್ದಲೂ ಸಮಯ ಬೇಕು.

ಇತ್ತ ನಿಯಮಾವಳಿ ಇನ್ನೂ ಒಲೆಯ ಮೇಲಿತ್ತು. ಒಂದು ಘಟಕಕ್ಕೆ ಬೇಕಾದ ಇನ್ನೊಂದು ಘಟಕವನ್ನು ಸರ್ವರೇ ತಂದುಕೊಡುವ ಪದ್ಧತಿಯನ್ನು ಜಾವಾ ಇಇ 6ಕ್ಕೆ ಸೇರಿಸಬೇಕಿತ್ತು. ಗೇವಿನ್ ಕಿಂಗ್ ಅವರ ಮುಂದಾಳುತನದಲ್ಲಿ ಜೆಎಸ್‌ಆರ್ 299 ಎಂಬ ಕರಡು 2006ರಿಂದಲೇ ಇದಕ್ಕಾಗಿ ಬೆಳೆಯುತ್ತಿತ್ತು. 2009ರ ಮೇ ತಿಂಗಳಲ್ಲಿ ಗೂಗಲ್‌ನ ಬಾಬ್ ಲೀ ಮತ್ತು ಸ್ಪ್ರಿಂಗ್ ಫ್ರೇಮ್‌ವರ್ಕಿನ ಜನಕ ರಾಡ್ ಜಾನ್ಸನ್ ಅದೇ ವಿಷಯಕ್ಕೆ ಜೆಎಸ್‌ಆರ್ 330 ಎಂಬ ಬೇರೆಯೇ ಪ್ರಸ್ತಾವ ಮುಂದಿಟ್ಟರು. ಒಂದೇ ಕೆಲಸಕ್ಕೆ ಎರಡು ನಿಯಮಗಳೇ ಎಂದು ಬಿಸಿ ವಾದ ನಡೆದು, ಕೊನೆಗೆ 299 ತನ್ನ ಅಡಿಪಾಯವಾಗಿ 330ರ ಅನೊಟೇಶನ್‌ಗಳನ್ನೇ ಒಪ್ಪಿಕೊಂಡಿತು. ಕರೆಂಟ್ ಎಂದಿದ್ದದ್ದು ಇಂಜೆಕ್ಟ್ ಆಯಿತು, ಬೈಂಡಿಂಗ್‌ಟೈಪ್ ಎಂದಿದ್ದದ್ದು ಕ್ವಾಲಿಫೈಯರ್ ಆಯಿತು. 330 ಅಂತಿಮಗೊಂಡದ್ದು ಅಕ್ಟೋಬರ್‌ನಲ್ಲಿ. ಎಡಿಟರಿನ ಬಿಡುಗಡೆಗೆ ಆಗ ಎರಡು ತಿಂಗಳೂ ಉಳಿದಿರಲಿಲ್ಲ.

ಯೋಜನೆ ಹಾಕುವವರ ಜಾಗದಲ್ಲಿ ಕೂತು ನೋಡಿ. ಹಳೆಯ ಕರಡನ್ನು ನಂಬಿ ಬೇಸಿಗೆಯಲ್ಲೇ ಎಲ್ಲವನ್ನೂ ಬರೆದಿದ್ದರೆ, ಕೋಡಿನ ಮಾದರಿ ಕಡತ, ಸೂಚನೆ, ಎಚ್ಚರಿಕೆ ಎಲ್ಲವೂ ಅಕ್ಟೋಬರ್ ಹೊತ್ತಿಗೆ ಅಸ್ತಿತ್ವದಲ್ಲೇ ಇಲ್ಲದ ಹೆಸರುಗಳನ್ನು ಹೇಳುತ್ತಿದ್ದವು. ಎಲ್ಲ ಗಟ್ಟಿಯಾಗಲಿ ಎಂದು ಕಾದಿದ್ದರೆ ಡಿಸೆಂಬರ್ 10 ಕೈತಪ್ಪುತ್ತಿತ್ತು. ಜಾವಾ ಇಇ 6ರ ಭಾಗಗಳಲ್ಲಿ ಗಟ್ಟಿಯಾದವೂ ಇದ್ದವು, ಮೆತ್ತಗಿದ್ದವೂ ಇದ್ದವು. ವೆಬ್ ಪುಟ ಕಟ್ಟುವ ಜೆಎಸ್‌ಎಫ್ 2.0, ಅದರ ಫೇಸ್‌ಲೆಟ್ಸ್ ಪುಟಗಳು, ಇಜೆಬಿಯನ್ನು ವೆಬ್ ಅಪ್ಲಿಕೇಶನ್ನಿನ ಒಳಗೇ ಇಡುವ ಅನುಕೂಲ ಇವೆಲ್ಲ 6.8ರಲ್ಲಿ ಬಂದವು. ಇಂಜೆಕ್ಟ್ ಆದ ವಸ್ತು ನಿಜವಾಗಿ ಎಲ್ಲಿಂದ ಬರುತ್ತದೆ ಎಂದು ಜಾಡು ಹಿಡಿದು ತೋರಿಸುವಂಥ ಆಳವಾದ ನೆರವು ಬಂದದ್ದು 2010ರ ಜೂನ್‌ನ 6.9ರಲ್ಲಿ. ಈ ಕ್ರಮ ನನಗೆ ಸರಿ ಎನ್ನಿಸುತ್ತದೆ. ಮೆತ್ತಗಿರುವ ನೆಲದ ಮೇಲೆ ಗೋಡೆ ಎಬ್ಬಿಸದೆ ಮುಂದಿನ ಆವೃತ್ತಿಗೆ ಬಿಡುವುದಕ್ಕೆ, ಹೊಸದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

2009ರ ಆ ಡಿಸೆಂಬರ್ 10ರಂದು ಜಾವಾ ಇಇ 6 ಪೂರ್ತಿಯಾಗಿ ನಡೆಯುತ್ತಿದ್ದ ಸರ್ವರ್ ಗ್ಲಾಸ್‌ಫಿಶ್ ಒಂದೇ. ವೆಬ್‌ಲಾಜಿಕ್ ಎಂಬ ಇನ್ನೊಂದು ಸರ್ವರ್ ಅಲ್ಲಿಗೆ ಬಂದು ಮುಟ್ಟಿದ್ದು 2011ರ ಕೊನೆಗೆ. ಅಂದರೆ ಕಚೇರಿಗಳಲ್ಲಿ ದುಡಿಯುವ ಹೆಚ್ಚಿನ ಪ್ರೋಗ್ರಾಮರುಗಳು ಇನ್ನೂ ವರ್ಷಗಟ್ಟಲೆ ಹಳೆಯ ನಿಯಮಗಳಲ್ಲೇ ಕೋಡ್ ಬರೆಯುವವರಿದ್ದರು. ಹೊಸದನ್ನು ಸೇರಿಸುವಾಗ ಹಳೆಯದು ಮುರಿಯಬಾರದು. ಪ್ರತಿ ನಿಯಮಾವಳಿಯನ್ನೂ ಪ್ರತಿ ಸರ್ವರಿನ ಪ್ರತಿ ಆವೃತ್ತಿಯ ಜೊತೆ ಪರೀಕ್ಷಿಸಬೇಕು. ಪರೀಕ್ಷೆಯ ಕೋಷ್ಟಕ ಪ್ರತಿ ಬಾರಿಯೂ ಬೆಳೆಯುತ್ತದೆ, ಕುಗ್ಗುವುದು ಅಪರೂಪ. ಹಳೆಯದರ ಆಯಸ್ಸು ಎಷ್ಟು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಜೆ2ಇಇ ಎಂಬ ಜಾವಾ ಇಇಯ ಹಳೆಯ ಹೆಸರನ್ನು 2006ರಲ್ಲೇ ಕೈಬಿಡಲಾಗಿತ್ತು, ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲೂ ‘ಅಡ್ವಾನ್ಸ್ಡ್ ಜಾವಾ ಅಂಡ್ ಜೆ2ಇಇ’ ಎಂಬ ವಿಷಯವಿತ್ತು. ಅದನ್ನು ಓದುವ ವಿದ್ಯಾರ್ಥಿಗೆ ಕಾಸು ಕೊಡದೆ ಸಿಗುವ, ಸರ್ವರನ್ನೂ ಜೊತೆಗೇ ತರುವ ಉಪಕರಣ ಎಷ್ಟು ದೊಡ್ಡ ಆಸರೆ ಎಂಬುದನ್ನು ಲೆಕ್ಕಪತ್ರದಲ್ಲಿ ತೋರಿಸಲಾಗದು. 2009ರ ಅಕ್ಟೋಬರ್‌ನಲ್ಲಿ ಜೆಟ್‌ಬ್ರೇನ್ಸ್ ತನ್ನ ಇಂಟೆಲಿಜೆ ಎಡಿಟರಿನ ಒಂದು ಭಾಗವನ್ನು ಮುಕ್ತಗೊಳಿಸಿದಾಗ, ಜಾವಾ ಭಾಷೆಯ ನೆರವನ್ನು ಪುಕ್ಕಟೆ ಕೊಟ್ಟು ಎಂಟರ್‌ಪ್ರೈಸ್ ಫ್ರೇಮ್‌ವರ್ಕುಗಳ ನೆರವನ್ನು ಹಣ ಕೊಟ್ಟವರಿಗೆ ಮೀಸಲಿಟ್ಟಿತು. ವ್ಯಾಪಾರದ ದೃಷ್ಟಿಯಿಂದ ಅದು ಪ್ರಾಮಾಣಿಕ ನಿರ್ಧಾರ. ಎಲ್ಲಕ್ಕಿಂತ ದುಬಾರಿ ದುಡಿಮೆ ಇರುವುದು ಎಲ್ಲಿ ಎಂಬುದನ್ನೂ ಅದು ತೋರಿಸಿಕೊಟ್ಟಿತು.

ಸೇರಿಸಿದ್ದನ್ನು ತೆಗೆಯುವುದೂ ಯೋಜನೆಯ ಭಾಗ. ನೆಟ್‌ಬೀನ್ಸ್ 6.0ರಲ್ಲಿ ಸಂಭ್ರಮದಿಂದ ಬಂದಿದ್ದ ರೂಬಿ ಭಾಷೆಯ ಮತ್ತು ಅದರ ರೈಲ್ಸ್ ಫ್ರೇಮ್‌ವರ್ಕಿನ ನೆರವನ್ನು 7.0ರಲ್ಲಿ ಮುಂದುವರಿಸುವುದಿಲ್ಲ ಎಂದು 2011ರ ಜನವರಿಯಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಗಿ ಒಂದು ವರ್ಷವಾಗಿತ್ತು, ಜಾವಾ 7ರ ಕೆಲಸ ಎದುರಿಗಿತ್ತು. ನೆಚ್ಚಿಕೊಂಡವರಿಗೆ ನೋವಾಯಿತು. ಆದರೆ ಕೋಡ್ ಮುಕ್ತವಾಗಿದ್ದರಿಂದ ಬೇಕಾದವರು ಅದನ್ನು ಎತ್ತಿಕೊಂಡು ಮುಂದುವರಿಸಬಹುದಿತ್ತು, ಕೆಲಕಾಲ ಹಾಗೆ ಮುಂದುವರಿಸಿದರು ಕೂಡ.

ಎರಡು ವರ್ಷದ ತಡವೆಂದು ಮೊದಲು ಹೇಳಿದೆನಲ್ಲ, ಅದರ ಕಾರಣ ಬೇರೆ. 2016ರಲ್ಲಿ ಒರಾಕಲ್ ನೆಟ್‌ಬೀನ್ಸನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಲು ಮುಂದಾಯಿತು. ಅಪಾಚೆಯ ಪದ್ಧತಿಯಲ್ಲಿ ಪ್ರತಿ ಕಡತದ ಹಕ್ಕು ಯಾರದ್ದು, ಯಾವ ಪರವಾನಗಿಯದ್ದು ಎಂಬುದು ಸ್ಪಷ್ಟವಾಗಬೇಕು. ಕೋಡ್ ಕಂತುಕಂತಾಗಿ ಬಂತು. ಮೊದಲ ಕಂತಿನಲ್ಲಿ ಎಂಟರ್‌ಪ್ರೈಸ್ ಭಾಗ ಇರಲಿಲ್ಲ, ಆದ್ದರಿಂದ 2018ರ ಜುಲೈನಲ್ಲಿ ಅಪಾಚೆ ನೆಟ್‌ಬೀನ್ಸ್ 9.0 ಬಂದಾಗ ಅದರಲ್ಲಿ ಜಾವಾ ಇಇ ಇರಲೇ ಇಲ್ಲ. ಜನ ಹಳೆಯ 8.2ರ ಪ್ಲಗಿನ್‌ಗಳನ್ನು ತಂದು ಹೊಸದಕ್ಕೆ ಸಿಕ್ಕಿಸಿ ಕೆಲಸ ಸಾಗಿಸಿದರು. 2019ರ ಏಪ್ರಿಲ್‌ನ 11.0ರಲ್ಲಿ ಆ ಭಾಗ ಮರಳಿತು, ಜುಲೈನ 11.1ರಲ್ಲಿ ಜಾವಾ ಇಇ 8 ಬಂತು. ಆ ನಿಯಮಾವಳಿ ಹೊರಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. ತಾಂತ್ರಿಕವಾಗಿ ಎಷ್ಟು ಅಚ್ಚುಕಟ್ಟಾಗಿ ಯೋಜಿಸಿದರೂ ಪರವಾನಗಿಯ ಕಾಗದ ಮುಗಿಯದೆ ಒಂದು ಸಾಲನ್ನೂ ಹೊರಗೆ ಬಿಡಲಾಗದು.

ಅಷ್ಟು ಹೊತ್ತಿಗೆ ನೆಲವೇ ಸರಿಯತೊಡಗಿತ್ತು. ಒರಾಕಲ್ ಜಾವಾ ಇಇಯನ್ನೂ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಕೊಟ್ಟಿತ್ತು, 2018ರಲ್ಲಿ ಅದಕ್ಕೆ ಜಕಾರ್ತಾ ಇಇ ಎಂಬ ಹೆಸರಾಗಿತ್ತು. ಆದರೆ ಜಾವಾ ಎಂಬ ವಾಣಿಜ್ಯಮುದ್ರೆ ಒರಾಕಲ್‌ನಲ್ಲೇ ಉಳಿಯಿತು. ಜಾವಾಎಕ್ಸ್ ಎಂಬ ಮೊದಲಪದದಿಂದ ಶುರುವಾಗುವ ಪ್ಯಾಕೇಜುಗಳನ್ನು ಇನ್ನು ಮುಂದೆ ತಿದ್ದಿ ಬೆಳೆಸುವಂತಿಲ್ಲ ಎಂಬುದು 2019ರ ಮೇ ತಿಂಗಳಲ್ಲಿ ಖಚಿತವಾಯಿತು. 2020ರ ಡಿಸೆಂಬರ್‌ನ ಜಕಾರ್ತಾ ಇಇ 9ರಲ್ಲಿ ಆ ಪದದ ಜಾಗಕ್ಕೆ ಜಕಾರ್ತಾ ಬಂತು. ಹುಡುಕಿ ಬದಲಿಸಿದರಾಯಿತು, ಇದರಲ್ಲೇನು ಕಷ್ಟ ಎನ್ನಿಸಬಹುದು. ಆದರೆ ಜಾವಾಎಕ್ಸ್ ಹೆಸರಿನ ಪ್ಯಾಕೇಜುಗಳೆಲ್ಲ ಎಂಟರ್‌ಪ್ರೈಸ್ ಜಾವಾಕ್ಕೆ ಸೇರಿದವಲ್ಲ. ಡೇಟಾಬೇಸಿನ ಜಾವಾಎಕ್ಸ್ ಎಸ್‌ಕ್ಯೂಎಲ್, ಪರದೆಯ ಜಾವಾಎಕ್ಸ್ ಸ್ವಿಂಗ್ ಮೂಲ ಜಾವಾದಲ್ಲಿ ಹಾಗೇ ಉಳಿದಿವೆ. ಟ್ರಾನ್ಸಾಕ್ಷನ್ ಪ್ಯಾಕೇಜ್ ಬದಲಾಗಿದೆ, ಅದರ ಒಳಗಿನ ಎಕ್ಸ್‌ಎ ಎಂಬ ಉಪಪ್ಯಾಕೇಜ್ ಬದಲಾಗಿಲ್ಲ. ಪರ್ಸಿಸ್ಟೆನ್ಸ್ ಕಡತದಲ್ಲಿ ಡೇಟಾಬೇಸಿನ ವಿಳಾಸ ಹೇಳುವ ಗುಣದ ಹೆಸರೂ ಬದಲಾಗಿದೆ, ಅದು ಇರುವುದು ಕೋಡಿನಲ್ಲಲ್ಲ, ಎಕ್ಸ್‌ಎಮ್‌ಎಲ್‌ನ ಅಕ್ಷರಮಾಲೆಯಲ್ಲಿ. ಟಾಮ್‌ಕ್ಯಾಟ್ ಎಂಬ ಸರ್ವರಿನ 9ನೇ ಆವೃತ್ತಿಗೆ ಹಳೆಯ ಹೆಸರು ಬೇಕು, ಟಾಮ್‌ಕ್ಯಾಟ್ 10ಕ್ಕೆ ಹೊಸದು. ಎರಡೂ ಒಂದೇ ಕಂಪ್ಯೂಟರಿನಲ್ಲಿ ಪಕ್ಕಪಕ್ಕದ ಪ್ರಾಜೆಕ್ಟುಗಳಲ್ಲಿರುವಾಗ, ಯಾವ ಪ್ರಾಜೆಕ್ಟಿನಲ್ಲಿ ಯಾವ ಹೆಸರು ಸೂಚಿಸಬೇಕೆಂಬುದನ್ನು ಎಡಿಟರ್ ಪ್ರತಿ ಚುಕ್ಕೆಗೂ ಲೆಕ್ಕ ಹಾಕಬೇಕು.

ಇಷ್ಟೆಲ್ಲವನ್ನು ಪ್ರತಿ ಎಡಿಟರೂ ಬೇರೆಬೇರೆಯಾಗಿ ಬರೆಯಬೇಕೇ? 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಕಂಪನಿಗಳು ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಈ ಪ್ರಶ್ನೆಗೆ ಬಂದ ಉತ್ತರ. ಭಾಷೆಯನ್ನು ಬಲ್ಲ ಭಾಗ ಎಡಿಟರಿನ ಹೊರಗೆ ಪ್ರತ್ಯೇಕ ಪ್ರೋಗ್ರಾಮಾಗಿ ಓಡುತ್ತದೆ. ಈ ಸಾಲಿನ ಈ ಜಾಗದಲ್ಲಿ ಏನು ಸೂಚಿಸಲಿ ಎಂದು ಎಡಿಟರ್ ಕೇಳುತ್ತದೆ, ಅದು ಉತ್ತರಿಸುತ್ತದೆ. ಐದು ಎಡಿಟರ್, ಹತ್ತು ಭಾಷೆ ಇದ್ದರೆ ಐವತ್ತು ಜೋಡಣೆಗಳ ಬದಲು ಹದಿನೈದು ಸಾಕು. ಫ್ರೇಮ್‌ವರ್ಕುಗಳೂ ಇದೇ ಹಾದಿ ಹಿಡಿದವು. 2018ರಲ್ಲಿ ಬಂದ ಸ್ಪ್ರಿಂಗ್ ಟೂಲ್ಸ್ 4ರಲ್ಲಿ ಸ್ಪ್ರಿಂಗ್ ಬಳಗವೇ ತನ್ನ ಜ್ಞಾನವನ್ನು ಸರ್ವರಾಗಿ ಬರೆದು ಎಕ್ಲಿಪ್ಸ್, ವಿಎಸ್ ಕೋಡ್, ಥಿಯಾ ಎಂಬ ಎಡಿಟರುಗಳಿಗೆ ಕೊಟ್ಟಿತು. ಜಕಾರ್ತಾ ಇಇಗೂ ಎಕ್ಲಿಪ್ಸ್ ಬಳಗದಲ್ಲಿ ಇಂಥದೊಂದು ಸರ್ವರ್ ಬೆಳೆಯುತ್ತಿದೆ. ನೆಟ್‌ಬೀನ್ಸ್ ಕೂಡ ತನ್ನ ಜಾವಾ ತಿಳಿವನ್ನು ವಿಎಸ್ ಕೋಡ್‌ಗೆ ಸರ್ವರ್ ರೂಪದಲ್ಲಿ ಒದಗಿಸುತ್ತಿದೆ.

ನಿಯಮ ಬರೆಯುವವರ ಬಳಗವೇ ಉಪಕರಣವನ್ನೂ ಬರೆದರೆ ಕರಡು ಬದಲಾದಾಗ ಮೊದಲು ತಿಳಿಯುವುದು ಅವರಿಗೇ. 2009ರಲ್ಲಿ ಸನ್ ಒಳಗೆ ನಡೆದದ್ದು ಬಹುಮಟ್ಟಿಗೆ ಇದೇ, ಒಂದೇ ಕಂಪನಿಯ ಗೋಡೆಯೊಳಗೆ. ಈಗ ಆ ಗೋಡೆಯಿಲ್ಲ, ಅದರ ಬದಲು ಹೊಸ ತೊಡಕೊಂದಿದೆ. ಜಕಾರ್ತಾ ಸರ್ವರಿಗೆ ಅನೊಟೇಶನ್‌ಗಳನ್ನು ಹುಡುಕಲು ಇಡೀ ಪ್ರಾಜೆಕ್ಟಿನ ಸೂಚಿ ಬೇಕು. ಆ ಸೂಚಿ ಈಗಾಗಲೇ ಜಾವಾ ಭಾಷೆಯನ್ನು ಬಲ್ಲ ಇನ್ನೊಂದು ಸರ್ವರಿನ, ಅಂದರೆ ಜಾವಾ ಸರ್ವರಿನ, ಸ್ಮೃತಿಯಲ್ಲಿದೆ. ಅದನ್ನೇ ಇನ್ನೊಮ್ಮೆ ಕಟ್ಟಿದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಆದ್ದರಿಂದ ಜಕಾರ್ತಾ ಸರ್ವರ್ ಜಾವಾ ಸರ್ವರಿನೊಳಗೆ ತನ್ನದೊಂದು ಸಣ್ಣ ಪ್ಲಗಿನ್ ಇಟ್ಟು, ತನಗೆ ಬೇಕಾದದ್ದನ್ನು ಅದರ ಮೂಲಕ ಕೇಳಿ ಪಡೆಯುತ್ತದೆ. ಈ ಎರಡು ಸರ್ವರುಗಳ ನಡುವಿನ ಮಾತು ಮಾತ್ರ ಎಲ್ಲರಿಗೂ ಸಮಾನವಾದ ಆ ಪ್ರೋಟೋಕಾಲಿನಲ್ಲಿ ಇಲ್ಲ. ಅದನ್ನು ಇನ್ನೂ ಪ್ರತಿ ಎಡಿಟರಿನ ವಿಸ್ತರಣೆಯೂ ತನ್ನ ತನ್ನ ರೀತಿಯಲ್ಲಿ ಹೆಣೆದುಕೊಳ್ಳಬೇಕು, ಮತ್ತು ಜಾವಾ ಸರ್ವರಿನ ಪ್ರತಿ ಹೊಸ ಆವೃತ್ತಿ ಬಂದಾಗಲೂ ಆ ಹೆಣಿಗೆ ಬಿಚ್ಚಿಲ್ಲವೆಂದು ಯಾರಾದರೂ ಕೂತು ಪರೀಕ್ಷಿಸಬೇಕು.